ಬಿಗಿದ ಹಗ್ಗದ ಸುತ್ತ: ಹೂತ ವಾಹನವನ್ನೆಳೆಯುವ ಸಾಧನಗಳು, ಅವುಗಳ ಅಪಾಯಗಳು, ಅವುಗಳ ದಂತಕಥೆಗಳು

ಕೆಸರಿನಲ್ಲಿ ಅಚ್ಚಿನವರೆಗೆ ಹೂತುಹೋದ ವಾಹನವೊಂದನ್ನು ಇನ್ನೊಂದು ವಾಹನದ ಬಲದಿಂದಲೋ, ಅದರ ಮುಂಭಾಗಕ್ಕೇ ಬಿಗಿದ, ಹಗ್ಗವನ್ನು ಉರುಳೆಗೆ ಸುತ್ತಿ ಎಳೆಯುವ ವಿಂಚಿನ ಬಲದಿಂದಲೋ ಹೊರಗೆಳೆಯುವ ಕಾರ್ಯವು ದಾರಿಯ ಬದಿಯಲ್ಲಿ ನಿಂತವರಿಗೆ ವಿನೋದದಂತೆ ಕಂಡರೂ, ಆ ಕೆಲವು ನಿಮಿಷಗಳಲ್ಲಿ ಬಿಗಿದ ಹಗ್ಗದೊಳಗೆ ಸಂಚಿತವಾಗುವ ಶಕ್ತಿಯು ಮನುಷ್ಯನ ಪ್ರಾಣವನ್ನು ತೆಗೆಯಲು ಧಾರಾಳವಾಗಿ ಸಾಲುವಷ್ಟಿರುತ್ತದೆಂಬುದನ್ನು ಆ ಕಾರ್ಯದಲ್ಲಿ ನುರಿತವರೆಲ್ಲರೂ ಒಪ್ಪುತ್ತಾರೆ. ಒಪ್ಪಿಗೆಯ ಮೇರೆ ಅಲ್ಲಿಗೇ ಮುಗಿಯುತ್ತದೆ. ಅಪಾಯದ ಮೂಲವು ಹಗ್ಗವೋ, ಹಗ್ಗದ ತುದಿಯ ಲೋಹವೋ, ವಿಂಚಿನ ಯಂತ್ರವೋ, ಅದನ್ನು ತಿದ್ದಿ ಕೆಡಿಸಿದ ಕೈಯೋ ಎಂಬ ವಿಷಯದಲ್ಲಿ ಅರ್ಧ ಶತಮಾನದಿಂದಲೂ ವಾದವು ನಡೆದೇ ಇದೆ. ವಾದದ ನಡುನಡುವೆ, ಯಾರೂ ಕಣ್ಣಾರೆ ಕಾಣದ ಆದರೆ ಎಲ್ಲರೂ ಬಲ್ಲ ಕಥೆಗಳು ಪ್ರಮಾಣಗಳ ಸ್ಥಾನವನ್ನು ಆಕ್ರಮಿಸಿಕೊಂಡಿವೆ.

ಈ ಪ್ರಶ್ನೆಯ ಮುಖ್ಯ ಚರ್ಚೆಯು ನಡೆದುದು ಆಸ್ಟ್ರೇಲಿಯದ ಮರಳಿನಲ್ಲಿ, ಅಮೆರಿಕದ ಬಂಡೆಗಾಡಿನಲ್ಲಿ, ಬ್ರಿಟನ್ನಿನ ಬಂದರುಗಳಲ್ಲಿ. ಆದರೂ ಮಾಂದಲ್‌ಪಟ್ಟಿಯ ಏರಿನಲ್ಲಿ ಪ್ರವಾಸಿಗರನ್ನು ಹೊತ್ತೊಯ್ಯುವ ಬಾಡಿಗೆ ಜೀಪುಗಳನ್ನೂ, ಮುಂಗಾರಿನಲ್ಲಿ ಸಕಲೇಶಪುರದ ತೋಟದ ದಾರಿಗಳನ್ನೂ ಬಲ್ಲ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ಹೂತ ಜೀಪಿಗೆ ಕೈಗೆ ಸಿಕ್ಕ ಹಗ್ಗವನ್ನೋ ಸರಪಣಿಯನ್ನೋ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಸುವುದನ್ನು ಮಲೆನಾಡಿನಲ್ಲಿ ನೋಡದವರು ವಿರಳ. ಆ ಹೊತ್ತಿನಲ್ಲಿ ಮಕ್ಕಳನ್ನು ದೂರ ನಿಲ್ಲಿಸುವವರು ಅದಕ್ಕಿಂತಲೂ ವಿರಳ.

ಹಗ್ಗವು ವಾಹನವನ್ನೇರಿದ ಬಗೆ

ಲೋಹದ ತಂತಿಗಳನ್ನು ಹೊಸೆದು ಹಗ್ಗ ಮಾಡುವ ವಿದ್ಯೆಯು ಹುಟ್ಟಿದುದು ಗಣಿಗಳಲ್ಲಿ. ಸರಪಣಿಯ ಒಂದೇ ಒಂದು ಕೊಂಡಿ ಬಿರಿದರೂ ಇಡೀ ಸರಪಣಿಯು ಯಾವ ಮುನ್ಸೂಚನೆಯನ್ನೂ ಕೊಡದೆ ಕಡಿದುಬೀಳುವುದನ್ನು ಕಂಡು ಬೇಸತ್ತ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಗಣಿ ಅಧಿಕಾರಿಯು, 1834ರಲ್ಲಿ ಜರ್ಮನಿಯ ಹಾರ್ಟ್ಸ್ ಪರ್ವತಪ್ರಾಂತದ ಕ್ಲೌಸ್ತಾಲ್ ಗಣಿಗಳಲ್ಲಿ ಕಬ್ಬಿಣದ ತಂತಿಯ ಹಗ್ಗವನ್ನು ಬಳಕೆಗೆ ತಂದನು. ಒಂದೆರಡು ತಂತಿ ಹರಿದರೂ ಉಳಿದವು ಭಾರವನ್ನು ಹೊರುತ್ತವೆ, ಹರಿದ ತಂತಿಯ ಮುಳ್ಳುಗಳು ಕಣ್ಣಿಗೆ ಕಂಡು ಎಚ್ಚರಿಸುತ್ತವೆ ಎಂಬುದೇ ಅದರ ಹೆಚ್ಚುಗಾರಿಕೆಯಾಗಿತ್ತು. ಹಗ್ಗದಿಂದೆಳೆಯುವ ವಿದ್ಯೆಯು ಬಳಿಕ ಹೊಲಕ್ಕೂ ಕಾಡಿಗೂ ಹಬ್ಬಿತು. ಹೊಲದ ಅಂಚಿನಲ್ಲಿ ನಿಂತ ಉಗಿಯಂತ್ರದಿಂದ ಹಗ್ಗದ ಮೂಲಕ ನೇಗಿಲನ್ನೆಳೆಸಿದ ಜಾನ್ ಫೌಲರ್‌ನಿಗೆ 1858ರಲ್ಲಿ ಇಂಗ್ಲೆಂಡಿನ ರಾಯಲ್ ಕೃಷಿ ಸಂಘದ 500 ಪೌಂಡುಗಳ ಬಹುಮಾನವು ದೊರೆಯಿತು. 1881ರಲ್ಲಿ ಕ್ಯಾಲಿಫೋರ್ನಿಯದ ಜಾನ್ ಡಾಲ್‌ಬಿಯರ್ ಕಾಡಿನ ದಿಮ್ಮಿಗಳನ್ನೆಳೆಯುವ ಉಗಿಯಂತ್ರವನ್ನು ನಿರ್ಮಿಸಿದನು. ನಮ್ಮ ಕೊಡಗಿನಲ್ಲಿ ಅದೇ ಕಾರ್ಯವನ್ನು ದುಬಾರೆಯಂತಹ ಶಿಬಿರಗಳ ಆನೆಗಳು ಸರಪಣಿ ಬಿಗಿದುಕೊಂಡು ಮಾಡುತ್ತಿದ್ದವು.

ಎರಡನೆಯ ಮಹಾಯುದ್ಧದ ಜೀಪು ನಾಗರಿಕರ ಕೈಗೆ ಬಂದಾಗ ಈ ವಿದ್ಯೆಯೂ ಅದರೊಡನೆ ಬಂದಿತು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. 1948ರಲ್ಲಿ ಬ್ರಿಟನ್ನಿನಲ್ಲಿ ಲ್ಯಾಂಡ್ ರೋವರ್ ಹುಟ್ಟಿತು. ಅದೇ 1948ರಲ್ಲಿ ಅಮೆರಿಕದ ಆರ್ಥರ್ ವಾರ್ನ್, ಯುದ್ಧದಲ್ಲಿ ಮಿಕ್ಕ ಜೀಪುಗಳಿಗೆಂದು ಚಕ್ರದ ಹಬ್ಬುಗಳನ್ನು ಮಾಡುವ ಕಾರ್ಖಾನೆಯನ್ನು ತೆರೆದನು. ಅಲ್ಲಿಯವರೆಗಿನ ವಿಂಚುಗಳು ವಾಹನದ ಎಂಜಿನ್ನಿನಿಂದಲೇ ಬಲವನ್ನು ಪಡೆಯುತ್ತಿದ್ದುದರಿಂದ ಎಂಜಿನ್ ನಿಂತರೆ ಅವೂ ನಿಲ್ಲುತ್ತಿದ್ದವು. 1959ರಲ್ಲಿ ವಾರ್ನ್ ಸಂಸ್ಥೆಯು ಬ್ಯಾಟರಿಯಿಂದ ನಡೆಯುವ ವಿದ್ಯುತ್ ವಿಂಚನ್ನು ಹೊರತಂದ ಮೇಲೆ, ವಿಂಚು ಎಂಬುದು ಅರಣ್ಯ ಇಲಾಖೆಯ ಅಥವಾ ಸೈನ್ಯದ ಸ್ವತ್ತಾಗಿ ಉಳಿಯದೆ ಯಾರು ಬೇಕಾದರೂ ಕೊಂಡು ಬಿಗಿಸಿಕೊಳ್ಳಬಹುದಾದ ವಸ್ತುವಾಯಿತು. 1980ರಿಂದ 2000ದವರೆಗೆ ನಡೆದ ಕ್ಯಾಮೆಲ್ ಟ್ರೋಫಿ ಎಂಬ ವಾಹನಸ್ಪರ್ಧೆಯೂ, 1997ರಲ್ಲಿ ಮಲೇಷಿಯದಲ್ಲಿ ಆರಂಭವಾಗಿ 2014ರಲ್ಲಿ ಗೋವೆಗೂ ಬಂದ ರೈನ್‌ಫಾರೆಸ್ಟ್ ಚಾಲೆಂಜ್ ಸ್ಪರ್ಧೆಯೂ ಅದಕ್ಕೊಂದು ಸಾಹಸದ ಪ್ರಭೆಯನ್ನು ಕೊಟ್ಟವು. ಆದರೆ ಗಣಿಯಲ್ಲಿಯೂ ಹಡಗಿನಲ್ಲಿಯೂ ಹಗ್ಗದೊಡನೆ ಸದಾ ಇರುತ್ತಿದ್ದ ಶಿಸ್ತು, ಅಂದರೆ ತಪಾಸಣೆ, ದಾಖಲೆ ಮತ್ತು ಮೇಲ್ವಿಚಾರಕನ ಆಜ್ಞೆ, ಹಗ್ಗದೊಡನೆ ಜೀಪಿಗೆ ವರ್ಗಾವಣೆಯಾಗಲಿಲ್ಲ. ಈ ಕೊರತೆಯಿಂದಲೇ ಮುಂದಿನ ವಾದಗಳೆಲ್ಲವೂ ಹುಟ್ಟಿದವೆಂದು ನನಗೆ ತೋರುತ್ತದೆ.

ಬಲದ ಲೆಕ್ಕ

ಹೂತ ವಾಹನವನ್ನೆಳೆಯಲು ಎಷ್ಟು ಬಲ ಬೇಕೆಂಬುದಕ್ಕೆ ಅಮೆರಿಕದ ಸೈನ್ಯದ ಕೈಪಿಡಿಗಳು ಒಂದು ಸರಳ ಸೂತ್ರವನ್ನು ಬಹುಕಾಲದಿಂದ ಬೋಧಿಸುತ್ತಿವೆ: ಚಕ್ರದ ಮಟ್ಟಕ್ಕೆ ಹೂತಿದ್ದರೆ ವಾಹನದ ತೂಕದಷ್ಟು, ಮಡ್‌ಗಾರ್ಡಿನ ಮಟ್ಟಕ್ಕೆ ಹೂತಿದ್ದರೆ ಅದರ ಎರಡರಷ್ಟು, ಚಾಲಕನು ಕೂಡುವ ಕ್ಯಾಬಿನ್ನಿನ ಮಟ್ಟಕ್ಕೆ ಇಳಿದಿದ್ದರೆ ಮೂರರಷ್ಟು. ಎರಡೂವರೆ ಟನ್ನಿನ ವಾಹನವೊಂದು ಮಡ್‌ಗಾರ್ಡಿನವರೆಗೆ ಇಳಿದರೆ ಐದು ಟನ್ನಿನ ಎಳೆತ ಬೇಕು; ಪೇಟೆಯಲ್ಲಿ ಬಹುಮಟ್ಟಿಗೆ ಮಾರಾಟವಾಗುವ 9,500 ಪೌಂಡಿನ ವಿಂಚಿನ ಬಲವಾದರೋ 4.3 ಟನ್ನು. ಆ 4.3 ಟನ್ನು ಕೂಡ ಉರುಳೆಯ ಮೇಲೆ ಹಗ್ಗದ ಮೊದಲನೆಯ ಸುತ್ತುಪದರ ಮಾತ್ರ ಉಳಿದಾಗ ದೊರೆಯುವ ಬಲ. ಪದರಗಳು ಏರಿದಂತೆ ಉರುಳೆಯ ವ್ಯಾಸವು ಹೆಚ್ಚಿ, ನಾಲ್ಕನೆಯ ಪದರಕ್ಕೆ ಬರುವ ವೇಳೆಗೆ ಅದು ಸುಮಾರು ಮೂರು ಟನ್ನಿಗೆ ಇಳಿದಿರುತ್ತದೆ. ಹಗ್ಗವನ್ನು ಹೆಚ್ಚು ಬಿಚ್ಚಿದಷ್ಟೂ ಬಲ ಹೆಚ್ಚುವುದೆಂಬ ಈ ಸಂಗತಿಯನ್ನರಿಯದೆ, ಹತ್ತಿರದ ಮರಕ್ಕೆ ಕಟ್ಟಿ ಎಳೆದು, ವಿಂಚು ನಿಂತುಹೋದಾಗ ಯಂತ್ರವೇ ಕಳಪೆಯೆಂದು ದೂರುವವರು ಬಹಳ ಮಂದಿ. ರಾಟೆಯೊಂದನ್ನು ನಡುವೆ ಸೇರಿಸಿ ಹಗ್ಗವನ್ನು ಮಡಿಸಿ ತಂದರೆ ಎಳೆತವು ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಆಗ ರಾಟೆಯ ಮೇಲೂ, ಅದನ್ನು ಹಿಡಿದ ಮರದ ಮೇಲೂ ಬೀಳುವ ಭಾರವೂ ಇಮ್ಮಡಿಯೆಂಬುದನ್ನು ಮರೆಯಬಾರದು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 9.5 ಮಿಲಿಮೀಟರ್ ದಪ್ಪದ ಉಕ್ಕಿನ ಹಗ್ಗವು ಹರಿಯಬೇಕಾದರೆ ಸುಮಾರು ಆರೂವರೆ ಟನ್ನಿನ ಭಾರ ಬೇಕು; ಮೇಲೆ ಹೇಳಿದ ವಿಂಚು ಅಷ್ಟು ಬಲವನ್ನು ಹಾಕುವ ಮೊದಲೇ ನಿಲ್ಲುವಂತೆ ಸಾಧನವು ರಚಿತವಾಗಿದೆ. ಆದುದರಿಂದ ಹೊಸ ಹಗ್ಗವು, ತಿದ್ದದ ವಿಂಚಿನಲ್ಲಿ, ನಿಧಾನವಾದ ನೇರ ಎಳೆತದಲ್ಲಿ ಹರಿಯತಕ್ಕದ್ದಲ್ಲ. ಅದು ಹರಿಯುವುದು ತಿರುಚಿಕೊಂಡಿದ್ದರೆ, ಬಂಡೆಗೆ ಉಜ್ಜಿ ಸವೆದಿದ್ದರೆ, ಸಡಿಲವಾಗಿದ್ದು ಒಮ್ಮೆಲೇ ಜಗ್ಗಲ್ಪಟ್ಟರೆ, ಅಥವಾ ಯಾರಾದರೂ ಆ ಯಂತ್ರದ ಲೆಕ್ಕವನ್ನು ಕೆಡಿಸಿದ್ದರೆ.

ಉಕ್ಕಿನ ಪಕ್ಷವೂ ನೂಲಿನ ಪಕ್ಷವೂ

ಚರ್ಚೆಯ ಅತ್ಯಂತ ಪ್ರಸಿದ್ಧವಾದ ಭಾಗವಿದು. 1970ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸಿನ ಡಿ.ಎಸ್.ಎಮ್. ಸಂಸ್ಥೆಯ ಪ್ರಯೋಗಾಲಯದಲ್ಲಿ ಪಾಲಿಎಥಿಲೀನಿನ ಅತಿ ದೀರ್ಘವಾದ ಅಣುಗಳಿಂದ ಬಲಿಷ್ಠವಾದ ನೂಲನ್ನು ತೆಗೆಯುವ ಕ್ರಮವು ಸಿದ್ಧಿಸಿತು; ಡೈನೀಮಾ ಎಂಬ ಹೆಸರಿನ ಆ ನೂಲಿನಿಂದ ಹೆಣೆದ ಹಗ್ಗವು ಮೊದಲು ಹಡಗುಗಳಿಗೂ ಬಳಿಕ ವಿಂಚುಗಳಿಗೂ ಬಂದಿತು. ಅದೇ ದಪ್ಪದ ಉಕ್ಕಿನ ಹಗ್ಗದ ಆರೇಳನೆಯ ಒಂದು ಪಾಲು ತೂಗುವ, ನೀರಿನಲ್ಲಿ ತೇಲುವ, ಬರಿಗೈಯಿಂದ ಹಿಡಿದರೂ ಕೈಯನ್ನು ಸೀಳದ ಈ ಹಗ್ಗವನ್ನು ಕಂಡವರು, ಹಗ್ಗ ಹರಿದು ಸಾಯುವ ಕಾಲವು ಮುಗಿಯಿತೆಂದು ಸಂಭ್ರಮಿಸಿದರು.

ಉಕ್ಕಿನ ಪಕ್ಷದವರ ವಾದವು ಅನುಭವದಿಂದ ಬಂದುದು. ಬಂಡೆಯ ಅಂಚು, ಮರಳಿನ ಕಣ, ಬಿಸಿಲು, ಕಾವು ಇವುಗಳಲ್ಲಿ ಯಾವುದೊಂದೂ ಉಕ್ಕಿಗೆ ಬೇಗ ಕೆಡುಕು ಮಾಡಲಾರದು. ನೂಲಿನ ಹಗ್ಗವಾದರೋ ಸುಮಾರು 150 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ, ಅದಕ್ಕಿಂತ ಬಹಳ ಮೊದಲೇ ದುರ್ಬಲವಾಗುತ್ತದೆ. ಅನೇಕ ವಿಂಚುಗಳಲ್ಲಿ ಬ್ರೇಕು ಉರುಳೆಯ ಒಳಗೇ ಇರುವುದರಿಂದ, ಭಾರವನ್ನು ಹಿಡಿದು ಇಳಿಜಾರಿನಲ್ಲಿ ವಾಹನವನ್ನು ಇಳಿಬಿಡುವಾಗ ಆ ಕಾವೆಲ್ಲವೂ ಹಗ್ಗದ ಒಳಪದರಕ್ಕೆ ತಟ್ಟುತ್ತದೆ. ಬ್ರೇಕನ್ನು ಉರುಳೆಯ ಹೊರಗಿಟ್ಟ ಹಳೆಯ ಮಾದರಿಗಳನ್ನು ಈ ಕಾರಣಕ್ಕಾಗಿಯೇ ಮೆಚ್ಚುವವರು ಇಂದಿಗೂ ಇದ್ದಾರೆ. ಸವೆದ ಉಕ್ಕು ಮುಳ್ಳೆದ್ದು ತೋರಿಸಿಕೊಳ್ಳುತ್ತದೆ, ಒಳಗೆ ಬೆಂದ ನೂಲು ಹಾಗೆ ತೋರಿಸಿಕೊಳ್ಳುವುದಿಲ್ಲವೆಂಬ ಆಕ್ಷೇಪವೂ ಅವರದು, ಅದರಲ್ಲಿ ಹುರುಳಿದೆ.

ಹರಿದ ಉಕ್ಕಿನ ಹಗ್ಗವು ಮನುಷ್ಯನನ್ನು ಎರಡಾಗಿ ಸೀಳುವುದೆಂಬ ಕಥೆಯು ಈ ವಾದದ ಹಿನ್ನೆಲೆಯಲ್ಲಿ ಸದಾ ಕೇಳಿಬರುತ್ತದೆ. 2006ರಲ್ಲಿ ಮಿತ್‌ಬಸ್ಟರ್ಸ್ ಎಂಬ ಅಮೆರಿಕದ ದೂರದರ್ಶನ ಕಾರ್ಯಕ್ರಮವು ಹಂದಿಯ ಕಳೇಬರಗಳನ್ನು ಬಿಗಿದ ಉಕ್ಕಿನ ಹಗ್ಗದ ಎದುರಿಗಿಟ್ಟು ಪರೀಕ್ಷೆ ನಡೆಸಿ, ಮೂಳೆ ಮುರಿಯುವಂತಹ ಪೆಟ್ಟುಗಳು ಬೀಳುವುವಾದರೂ ದೇಹವು ಎರಡಾಗಿ ಸೀಳುವುದಿಲ್ಲವೆಂದು ತೀರ್ಮಾನಿಸಿತು. ಈ ತೀರ್ಮಾನವನ್ನೇ ಹಿಡಿದುಕೊಂಡು ಉಕ್ಕಿನ ಹಗ್ಗದ ಭಯವೆಲ್ಲವೂ ಸುಳ್ಳೆಂದು ಸಾರುವವರು ಉಂಟು. ಇದು ಯುಕ್ತಿಗೆ ಒಪ್ಪದ ಮಾತು. ಮನುಷ್ಯನು ಸಾಯಲು ಎರಡಾಗಿ ಸೀಳಬೇಕಾದ ಅವಶ್ಯಕತೆಯಿಲ್ಲ. 2007ರ ಜೂನಿನಲ್ಲಿ ಕೆಂಟಕಿ ಸಂಸ್ಥಾನದ ಲೂಯಿವಿಲ್ ನಗರದ ವಿನೋದ ಉದ್ಯಾನವೊಂದರಲ್ಲಿ ಯಂತ್ರದ ಉಕ್ಕಿನ ಹಗ್ಗವು ತುಂಡಾಗಿ ಬಾಲಕಿಯೊಬ್ಬಳ ಪಾದಗಳು ಕತ್ತರಿಸಿಹೋದವು. ಅಲ್ಲಿನ ಯಂತ್ರವೂ ವೇಗವೂ ಬೇರೆ. ಆದರೂ ಹಗ್ಗದಿಂದ ಅಂಗಚ್ಛೇದವಾಗದೆಂಬ ಧೈರ್ಯವನ್ನು ಯಾರೂ ತಾಳಬಾರದೆಂಬುದಕ್ಕೆ ಅದು ಸಾಕು.

ನೂಲಿನ ಪಕ್ಷದ ಮುಖ್ಯ ಘೋಷಣೆಯಾದ 'ಈ ಹಗ್ಗವು ಹರಿದರೆ ಸುಮ್ಮನೆ ನೆಲಕ್ಕೆ ಬೀಳುತ್ತದೆ' ಎಂಬ ಮಾತಿನ ಸತ್ಯಾಸತ್ಯತೆಯು ಬಯಲಾದುದು ಜೀಪುಗಳಿಂದ ಬಹುದೂರದ ಒಂದು ಬಂದರಿನಲ್ಲಿ. 2015ರ ಮಾರ್ಚಿನಲ್ಲಿ ವೇಲ್ಸಿನ ಮಿಲ್ಫರ್ಡ್ ಹೇವನ್ನಿನಲ್ಲಿ ಜಾರ್ಗಾ ಎಂಬ ಅನಿಲವಾಹಕ ಹಡಗನ್ನು ದಕ್ಕೆಗೆ ಬಿಗಿಯುತ್ತಿದ್ದಾಗ, ಇದೇ ಜಾತಿಯ ನೂಲಿನ ಹಗ್ಗವು ಹರಿದು ಹಿಮ್ಮುಖವಾಗಿ ಸಿಡಿದು, ಹಡಗಿನ ಅಧಿಕಾರಿಯೊಬ್ಬನ ತಲೆಗೆ ತೀವ್ರವಾದ ಗಾಯವನ್ನು ಮಾಡಿತು. ಬ್ರಿಟನ್ನಿನ ನೌಕಾ ಅಪಘಾತ ತನಿಖಾ ಶಾಖೆಯು ವಿಚಾರಣೆ ನಡೆಸಿ ಕಂಡುಕೊಂಡ ಸಂಗತಿಯು ಪ್ರತಿಯೊಬ್ಬ ಜೀಪಿನವನೂ ಮನನಮಾಡಬೇಕಾದುದು. ಅದೇನೆಂದರೆ, ಆ ಹಗ್ಗವು ತಾನಾಗಿ ಹೆಚ್ಚು ಹಿಗ್ಗದಿದ್ದರೂ ಅದರ ತುದಿಗೆ ಹೆಚ್ಚು ಹಿಗ್ಗುವ ಬೇರೆ ನೂಲಿನ ತುಂಡೊಂದನ್ನು ಜೋಡಿಸಲಾಗಿತ್ತು. ಶಕ್ತಿಯು ಅದರಲ್ಲಿ ಸಂಚಯವಾಯಿತು. ಹಗ್ಗವು ಹರಿದೊಡನೆ ಆ ಶಕ್ತಿಯೇ ತುದಿಯನ್ನು ಹಿಂದಕ್ಕೆ ಚಿಮ್ಮಿಸಿತು. ವಿಂಚಿನ ಹಗ್ಗವು ಸಾಲದೆಂದು ಅದರ ತುದಿಗೆ ನೈಲಾನಿನ ಪಟ್ಟಿಯನ್ನು ಸೇರಿಸಿ ಉದ್ದಮಾಡಿಕೊಳ್ಳುವವರು ಮಾಡುವುದು ಇದನ್ನೇ. ಇಡೀ ಸಾಲಿನಲ್ಲಿ ಎಲ್ಲಿ ಹಿಗ್ಗುವ ವಸ್ತುವಿದೆಯೋ ಅಪಾಯವು ಅಲ್ಲಿ ತುಂಬಿಕೊಳ್ಳುತ್ತದೆ. ಅದು ಹೊರಬರುವುದು ಮಾತ್ರ ಎಲ್ಲಿ ದುರ್ಬಲತೆಯಿದೆಯೋ ಅಲ್ಲಿ.

ತುದಿಯಲ್ಲಿ ಕಟ್ಟಿದ ಲೋಹ

ವಿಂಚಿಗಿಂತ ಅಗ್ಗವಾಗಿ ದೊರೆಯುವ ಸಾಧನವೆಂದರೆ ಸ್ನ್ಯಾಚ್ ಪಟ್ಟಿ. ಸುಮಾರು ಒಂಬತ್ತು ಮೀಟರ್ ಉದ್ದದ, ಐದನೆಯ ಒಂದು ಪಾಲಿನಷ್ಟು ಹಿಗ್ಗಬಲ್ಲ ಈ ನೈಲಾನ್ ಪಟ್ಟಿಯನ್ನು ಎರಡು ವಾಹನಗಳ ನಡುವೆ ಕಟ್ಟಿ, ಎಳೆಯುವ ವಾಹನವು ತುಸು ಓಡಿಬಂದು ಪಟ್ಟಿಯನ್ನು ಹಿಗ್ಗಿಸಿದರೆ, ಅದು ಕುಗ್ಗುವ ರಭಸಕ್ಕೆ ಹೂತ ವಾಹನವು ಮೇಲೇಳುತ್ತದೆ. ಈ ಕ್ರಮವು ಅತ್ಯಂತ ಫಲಕಾರಿಯಾದುದು, ಅಷ್ಟೇ ಭಯಂಕರವಾದುದೂ ಹೌದು.

ಲೆಕ್ಕವನ್ನು ಓದುಗರೇ ಮಾಡಿನೋಡಬಹುದು. ನಾಲ್ಕು ಟನ್ನಿನ ಎಳೆತದಲ್ಲಿರುವ ಇಪ್ಪತ್ತೈದು ಮೀಟರಿನ ಉಕ್ಕಿನ ಹಗ್ಗವು ಸುಮಾರು ಕಾಲು ಮೀಟರಿನಷ್ಟು ಹಿಗ್ಗಿ, ಸ್ಥೂಲವಾಗಿ ಐದು ಸಾವಿರ ಜೂಲ್ ಶಕ್ತಿಯನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಎರಡೂವರೆ ಟನ್ನಿನ ವಾಹನವು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಓಡಿಬಂದು ಪಟ್ಟಿಯನ್ನು ಜಗ್ಗಿದರೆ ಪಟ್ಟಿಗೆ ಸೇರುವ ಶಕ್ತಿಯು ಸುಮಾರು 9,600 ಜೂಲ್. ವೇಗವು 20 ಕಿಲೋಮೀಟರಾದರೆ ಅದು ನಾಲ್ಕುಮಡಿಯಾಗಿ 38,000 ಜೂಲನ್ನು ಮೀರುತ್ತದೆ. ಸೈನಿಕನ 7.62 ಮಿಲಿಮೀಟರ್ ಬಂದೂಕಿನ ಗುಂಡೊಂದರ ಶಕ್ತಿಯು ಸುಮಾರು 3,300 ಜೂಲ್ ಎಂಬುದನ್ನು ಇದರೊಡನೆ ಇಟ್ಟುನೋಡಬೇಕು. ಜನರು ಹೆದರುವುದು ವಿಂಚಿನ ಹಗ್ಗಕ್ಕೆ. ಹೆಚ್ಚು ಹೆದರಬೇಕಾದುದು ಮೆತ್ತಗೆ ಬಟ್ಟೆಯಂತೆ ಮಡಿಸಿಟ್ಟ ಈ ಪಟ್ಟಿಗೆ.

ಪಟ್ಟಿಯು ತಾನೇ ಹರಿದರೆ ಆಗುವ ಕೇಡಿಗಿಂತ, ಅದರ ತುದಿಯಲ್ಲಿನ ಲೋಹವು ಕಿತ್ತುಬಂದರೆ ಆಗುವ ಕೇಡು ಘೋರವಾದುದು. ಆ ಶಕ್ತಿಯಲ್ಲಿ ಒಂದು ಸಾವಿರ ಜೂಲ್ ಮಾತ್ರವೇ ಒಂದು ಕಿಲೋ ತೂಕದ ಲೋಹದ ತುಂಡಿಗೆ ಸೇರಿದರೂ, ಆ ತುಂಡು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ. ಗಾಡಿಯ ಹಿಂದೆ ಟ್ರೇಲರ್ ಕಟ್ಟಲೆಂದಿರುವ ಟೋ ಬಾಲ್ ಎಂಬ ಉಕ್ಕಿನ ಗುಂಡಿಗೆ ಪಟ್ಟಿಯನ್ನು ಸಿಕ್ಕಿಸಿ ಜಗ್ಗಿ, ಗುಂಡು ಮುರಿದು ಗಾಜನ್ನು ಭೇದಿಸಿ ಒಳಗಿದ್ದವರನ್ನು ಕೊಂದ ದುರ್ಘಟನೆಗಳು ಆಸ್ಟ್ರೇಲಿಯದಲ್ಲಿ ನಡೆದಿವೆ. ಅವುಗಳ ಫಲವಾಗಿ ಅಲ್ಲಿನ ಸರ್ಕಾರವು 2010ರಲ್ಲಿ ಇಂತಹ ಪಟ್ಟಿಗಳಿಗೆ ಕಡ್ಡಾಯವಾದ ಮಾನಕವೊಂದನ್ನು ವಿಧಿಸಿತು: ಪಟ್ಟಿಯ ಹರಿಯುವ ಬಲವು ವಾಹನದ ಒಟ್ಟು ತೂಕದ ಎರಡರಿಂದ ಮೂರು ಪಟ್ಟಿನೊಳಗಿರಬೇಕೆಂದೂ, ಟೋ ಬಾಲಿಗೆ ಎಂದೂ ಸಿಕ್ಕಿಸಕೂಡದೆಂದೂ ಪಟ್ಟಿಯ ಮೇಲೆಯೇ ಮುದ್ರಿಸಿರಬೇಕು. ಮೇಲ್ಮಿತಿಯನ್ನೂ ಹೇಳಿರುವುದು ಅರ್ಥಪೂರ್ಣವಾಗಿದೆ. ಅತಿ ಬಲಿಷ್ಠವಾದ ಪಟ್ಟಿಯು ಸಾಕಷ್ಟು ಹಿಗ್ಗುವುದಿಲ್ಲ. ಹಿಗ್ಗದಿದ್ದರೆ ಆಘಾತವೆಲ್ಲವೂ ವಾಹನದ ಚಾಸಿಗೆ ಬೀಳುತ್ತದೆ.

ಈ ಅರಿವಿನಿಂದಲೇ ಈಚಿನ ಮೂರನೆಯ ಪಕ್ಷವೊಂದು ಬೆಳೆದಿದೆ. ಸಾಲಿನಿಂದ ಲೋಹವನ್ನು ಸಾಧ್ಯವಾದಷ್ಟೂ ತೆಗೆದುಹಾಕಬೇಕು, ಪಿನ್ನಿನಿಂದ ಮುಚ್ಚುವ ಕೊಂಡಿಯಾದ ಉಕ್ಕಿನ ಶ್ಯಾಕಲ್ಲಿಗೆ ಬದಲಾಗಿ ನೂಲಿನಿಂದಲೇ ಹೆಣೆದ ಮೃದು ಶ್ಯಾಕಲ್ಲನ್ನೂ, ತೂಕದ ರಾಟೆಗೆ ಬದಲಾಗಿ ಅಲ್ಯುಮಿನಿಯಮ್ಮಿನ ಉಂಗುರವನ್ನೂ ಬಳಸಬೇಕು ಎಂಬುದು ಅವರ ಮತ. ಎರಡು ಪಟ್ಟಿಗಳನ್ನು ಶ್ಯಾಕಲ್ಲಿನಿಂದ ಕೂಡಿಸುವ ದುರಭ್ಯಾಸವನ್ನು ಬಿಡಿಸಲು, ಕುಣಿಕೆಯೊಳಗೆ ಕುಣಿಕೆ ತೂರಿಸಿ ನಡುವೆ ಸುತ್ತಿದ ಪತ್ರಿಕೆಯೊಂದನ್ನಿಡುವ ಹಳೆಯ ಉಪಾಯವನ್ನೂ ಅವರು ಬೋಧಿಸುತ್ತಾರೆ. ನನಗೆ ಈ ಮತವು ಬಹುಮಟ್ಟಿಗೆ ಸಮ್ಮತ. ಒಂದು ಆಕ್ಷೇಪ ಮಾತ್ರ ಉಳಿಯುತ್ತದೆ: ಮೃದು ಶ್ಯಾಕಲ್ಲನ್ನು ಚೂಪಾದ ಅಂಚಿನ ಕಬ್ಬಿಣದ ಕಿಂಡಿಗೆ ತೂರಿಸಿದರೆ ಅದು ಕತ್ತರಿಸಿಹೋಗುತ್ತದೆ, ಮತ್ತು ನಮ್ಮ ಜೀಪುಗಳ ಮುಂದೆ ಬೆಸುಗೆ ಹಾಕಿರುವ ಕೊಂಡಿಗಳಲ್ಲಿ ಬಹುಪಾಲು ಅಂಚು ಉಜ್ಜದವು.

ಅಪರಿಚಿತ ಕೈಗಳ ಕಥೆ

ವಿಂಚು ಇದ್ದಲ್ಲೆಲ್ಲ ಒಂದು ಕಥೆಯಿದೆ. ವಾಹನವನ್ನು ನಿಲ್ಲಿಸಿ ಒಡೆಯನು ಊಟಕ್ಕೆ ಹೋದಾಗ ಯಾರೋ ಕಿಡಿಗೇಡಿಗಳು ವಿಂಚಿನ ಕೊಕ್ಕೆಯನ್ನು ಬಿಡಿಸಿ ಕಂಬಕ್ಕೋ ಪಕ್ಕದ ಕಾರಿಗೋ ಸಿಕ್ಕಿಸುತ್ತಾರೆ. ಒಡೆಯನು ಅರಿಯದೆ ವಾಹನವನ್ನು ಹೊರಡಿಸುತ್ತಾನೆ. ಮುಂದಿನದು ಹೇಳುವವರ ಪ್ರತಿಭೆಗೆ ತಕ್ಕಂತೆ ಬೆಳೆಯುತ್ತದೆ. ಇನ್ನೊಂದು ಪಾಠದಲ್ಲಿ, ಬೇರೆಯವರ ರಿಮೋಟಿನ ಸಂಕೇತಕ್ಕೆ ಓಗೊಟ್ಟು ವಿಂಚು ತಾನಾಗಿಯೇ ಸುತ್ತತೊಡಗುತ್ತದೆ. ಪೊಲೀಸರ ಕಾರಿನ ಹಿಂದಿನ ಅಚ್ಚಿಗೆ ಹಗ್ಗ ಕಟ್ಟಿ, ಅದು ಹೊರಟೊಡನೆ ಅಚ್ಚೇ ಕಿತ್ತುಬರುವ ದೃಶ್ಯವನ್ನು 1973ರ ಅಮೆರಿಕನ್ ಗ್ರಾಫಿಟಿ ಎಂಬ ಚಲನಚಿತ್ರದಲ್ಲಿ ಜಾರ್ಜ್ ಲ್ಯೂಕಸ್ ತೋರಿಸಿದ ಮೇಲೆ ಈ ಬಗೆಯ ಕಥೆಗಳಿಗೆ ಒಂದು ಚಿತ್ರವೂ ಒದಗಿತು.

ಯಂತ್ರವನ್ನು ಬಲ್ಲವರು ಈ ಕಥೆಯನ್ನು ಪೂರ್ತಿಯಾಗಿ ತಳ್ಳಿಹಾಕಲಾರರು, ಪೂರ್ತಿಯಾಗಿ ನಂಬಲೂ ಆರರು. ವಿಂಚಿನ ಪಕ್ಕದಲ್ಲಿ ಉರುಳೆಯನ್ನು ಯಂತ್ರದಿಂದ ಬಿಡಿಸುವ ಒಂದು ಹಿಡಿಯಿರುತ್ತದೆ; ಅದಕ್ಕೆ ಬೀಗವಿಲ್ಲ, ದಾರಿಯಲ್ಲಿ ಹೋಗುವವನೂ ಅದನ್ನು ತಿರುಗಿಸಿ ಹಗ್ಗವನ್ನೆಳೆಯಬಹುದು. ಹಾಗೆ ಬಿಡಿಸಿದ್ದಾಗ ವಾಹನವು ಹೊರಟರೆ ಹಗ್ಗವು ಸುಮ್ಮನೆ ಬಿಚ್ಚಿಕೊಳ್ಳುತ್ತ ಹೋಗಿ ಕೊನೆಗೆ ಉರುಳೆಯಿಂದ ಕಳಚಿಬೀಳುತ್ತದೆ. ಏಕೆಂದರೆ ಹಗ್ಗದ ತುದಿಯನ್ನು ಉರುಳೆಗೆ ಬಿಗಿದಿರುವ ತಿರುಪು ಭಾರವನ್ನು ಹೊರಲೆಂದು ಇರುವುದಲ್ಲ. ಭಾರವನ್ನು ಹೊರುವುದು ಉರುಳೆಯ ಮೇಲಿನ ಸುತ್ತುಗಳ ಘರ್ಷಣೆ. ಉಕ್ಕಿಗೆ ಕನಿಷ್ಠ ಐದು ಸುತ್ತುಗಳನ್ನೂ ನೂಲಿಗೆ ಎಂಟು ಹತ್ತು ಸುತ್ತುಗಳನ್ನೂ ಉಳಿಸಬೇಕೆಂಬ ನಿಯಮವು ಹುಟ್ಟಿದುದು ಇದರಿಂದಲೇ. ಹಿಡಿಯು ಬಿಗಿದೇ ಇದ್ದರೆ ಹೊರಗಿನವರಿಗೆ ಹಗ್ಗವು ಸಡಿಲವಾಗಿ ದೊರೆಯುವುದೇ ಕಷ್ಟ. ಕಥೆಯಲ್ಲಿ ಊರಿನ ಹೆಸರಿರುವುದಿಲ್ಲ, ದಿನಾಂಕವಿರುವುದಿಲ್ಲ, ಅದು ನಡೆದುದು ಯಾವಾಗಲೂ ಗೆಳೆಯನ ಗೆಳೆಯನಿಗೆ. ಇವು ದಂತಕಥೆಯ ಲಕ್ಷಣಗಳು. ಕೊಕ್ಕೆಯನ್ನೋ ಹಗ್ಗವನ್ನೋ ಕದಿಯುವ ಸಾಮಾನ್ಯ ಕಳ್ಳತನವು ಇದಕ್ಕಿಂತ ಬಹಳ ಹೆಚ್ಚು ನಂಬಲರ್ಹವಾದ ಸಂಗತಿ.

ತಾನಾಗಿ ಸುತ್ತುವ ವಿಂಚಿನ ವಿಷಯವೇ ಬೇರೆ, ಅದು ನಿಜ. ಪೂರ್ಣ ಭಾರದಲ್ಲಿ ಈ ಮೋಟಾರು 400 ಆಂಪಿಯರಿಗೂ ಮೀರಿದ ವಿದ್ಯುತ್ತನ್ನು ಸೆಳೆಯುತ್ತದೆ. ಬ್ಯಾಟರಿಯು ಕುಂದಿದಾಗ ಅದನ್ನು ಹಾಯಿಸುವ ಸಾಲಿನಾಯ್ಡ್ ಒಳಗಿನ ತಾಮ್ರದ ತುದಿಗಳು ಅದುರಿ, ಕಿಡಿಯೆದ್ದು, ಒಂದಕ್ಕೊಂದು ಬೆಸೆದುಕೊಂಡುಬಿಡುತ್ತವೆ. ಆಗ ಕೈಯಲ್ಲಿನ ಗುಂಡಿಯನ್ನು ಬಿಟ್ಟರೂ, ರಿಮೋಟನ್ನೇ ಕಿತ್ತೆಸೆದರೂ ವಿಂಚು ನಿಲ್ಲುವುದಿಲ್ಲ. ನೋಡುವವರಿಗೆ ಅದು ಪರಹಸ್ತದ ಚೇಷ್ಟೆಯಂತೆ ತೋರಿದರೆ ಆಶ್ಚರ್ಯವೇನು? ಬ್ಯಾಟರಿಗೂ ವಿಂಚಿಗೂ ನಡುವೆ ಕೈಗೆಟಕುವಂತೆ ಒಂದು ಪ್ರತ್ಯೇಕ ಸ್ವಿಚ್ಚನ್ನಿಟ್ಟರೆ ಬೆಸೆದುಕೊಂಡ ಸಾಲಿನಾಯ್ಡಿನಿಂದಲೂ ಕಿಡಿಗೇಡಿಯಿಂದಲೂ ಒಟ್ಟಿಗೇ ರಕ್ಷಣೆ ದೊರೆಯುತ್ತದೆ. ಅಷ್ಟು ಸಣ್ಣ ವೆಚ್ಚದ ಈ ಸ್ವಿಚ್ಚನ್ನು ಅನೇಕರು ಹಾಕಿಸುವುದಿಲ್ಲವೆಂಬುದು ದುಃಖದ ಸಂಗತಿ.

ವಿಂಚನ್ನು ನಿಜವಾಗಿ ಕೆಡಿಸುವ ಕೈ ಬಹುಮಟ್ಟಿಗೆ ಒಡೆಯನದೇ. ವೇಗದ ಆಸೆಗೆ 12 ವೋಲ್ಟಿನ ಮೋಟಾರಿಗೆ 24 ವೋಲ್ಟನ್ನು ಹರಿಸುವುದು, ಒಂದರ ಸ್ಥಳದಲ್ಲಿ ಎರಡು ಮೋಟಾರುಗಳನ್ನು ಕೂಡಿಸುವುದು, ಹಗ್ಗ ಸರಾಗವಾಗಿ ಬರಲೆಂದು ಬ್ರೇಕನ್ನೇ ತೆಗೆಸುವುದು ಇವೆಲ್ಲ ಸ್ಪರ್ಧೆಯ ಅಂಗಳದಿಂದ ಸಾಮಾನ್ಯ ಸವಾರರಿಗೆ ಹರಡಿದ ಚಾಳಿಗಳು. ಹಗ್ಗ ಹರಿಯುವ ಮೊದಲೇ ವಿಂಚು ನಿಲ್ಲಬೇಕೆಂಬ ಯಾವ ಲೆಕ್ಕದ ಮೇಲೆ ಸಾಧನದ ಸುರಕ್ಷತೆ ನಿಂತಿದೆಯೋ, ಆ ಲೆಕ್ಕವನ್ನು ಈ ತಿದ್ದುಪಡಿಗಳು ನಾಶಮಾಡುತ್ತವೆ. ಸ್ಪರ್ಧೆಗಿಳಿಯುವವನಿಗೆ ಹಗ್ಗವನ್ನು ಪ್ರತಿಸಲವೂ ಪರೀಕ್ಷಿಸುವ ಸಹಾಯಕರಿರುತ್ತಾರೆ; ಸಂಸಾರದೊಡನೆ ಹೊರಟವನಿಗೆ ಇರುವುದಿಲ್ಲ.

ಹೊದಿಕೆ, ಪಿನ್ನು ಮೊದಲಾದ ಕಿರಿಯ ವಿವಾದಗಳು

ಬಿಗಿದ ಹಗ್ಗದ ಮೇಲೆ ಗೋಣಿಯನ್ನೋ ಕಂಬಳಿಯನ್ನೋ ಹೊದಿಸಿದರೆ ಹರಿದಾಗ ಅದು ನೆಲಕ್ಕೆ ಬೀಳುವುದೆಂಬ ನಂಬಿಕೆಯು ಎಲ್ಲೆಡೆಯೂ ಇದೆ. ಹೊದಿಕೆಗೆ ತೂಕವಿದ್ದರೆ, ಅದು ಹಗ್ಗದ ತುದಿಗೆ ಸಮೀಪವಾಗಿದ್ದರೆ, ಹಗ್ಗದೊಡನೆ ಚಲಿಸುವಂತೆ ತೊಡಕಿಕೊಂಡಿದ್ದರೆ ಪ್ರಯೋಜನವುಂಟು. ಒಣ ಅಂಗಿಯೊಂದನ್ನು ನಡುವೆ ನೇತುಹಾಕುವುದು ಸಮಾಧಾನಕ್ಕೆ ಮಾತ್ರ. ಕಿತ್ತುಬಂದ ಟೋ ಬಾಲನ್ನಂತೂ ಯಾವ ಕಂಬಳಿಯೂ ತಡೆಯಲಾರದು. ವಿಂಚು ನಡೆಸುವಾಗ ಮುಂಗಾಜಿನ ರಕ್ಷಣೆಗೆ ಬಾನೆಟ್ಟನ್ನು ಎತ್ತಿಡಬೇಕೆಂಬವರೂ, ಎತ್ತಿದರೆ ಚಾಲಕನಿಗೆ ಮುಂದಿನದು ಕಾಣದೆಂಬವರೂ ಇದ್ದಾರೆ. ಎರಡು ಮಾತೂ ಸರಿಯೇ.

ಶ್ಯಾಕಲ್ಲಿನ ಪಿನ್ನನ್ನು ಪೂರ್ತಿಯಾಗಿ ತಿರುಗಿಸಿ ಬಳಿಕ ಕಾಲುಸುತ್ತೋ ಅರ್ಧಸುತ್ತೋ ಹಿಂದಕ್ಕೆ ಬಿಡಬೇಕೆಂದು, ಇಲ್ಲವಾದರೆ ಭಾರಕ್ಕೆ ಅದು ಕಚ್ಚಿಕೊಂಡು ಬಿಚ್ಚಲಾಗದೆಂದು ಜೀಪಿನವರ ಗುರುಪರಂಪರೆಯು ಹೇಳುತ್ತದೆ. ಕ್ರೇನುಗಳೊಡನೆ ದುಡಿಯುವವರೂ ಶ್ಯಾಕಲ್ ತಯಾರಕರೂ ಇದಕ್ಕೆ ವಿರುದ್ಧ. ಪಿನ್ನಿನ ಭುಜವು ಕಿವಿಗೆ ತಾಗಿ ಕೂತಿರಲೇಬೇಕೆಂಬುದು ಅವರ ಕಟ್ಟಪ್ಪಣೆ. ನಾನು ಈ ವಿಷಯದಲ್ಲಿ ತಯಾರಕರ ಮಾತನ್ನೇ ಹಿಡಿಯುತ್ತೇನೆ, ಏಕೆಂದರೆ ಕಚ್ಚಿಕೊಂಡ ಪಿನ್ನಿನಿಂದ ನಷ್ಟವಾಗುವುದು ಹತ್ತು ನಿಮಿಷದ ಹೊತ್ತು ಮಾತ್ರ.

ನಿಲ್ಲುವ ಸ್ಥಳದ ಬಗೆಗಿನ ಬೋಧನೆಯೂ ಒಂದೇ ತೆರನಾಗಿಲ್ಲ. ಹಗ್ಗದ ಉದ್ದದಷ್ಟು ದೂರವೆಂದು ಸೈನ್ಯದವರು, ಪಟ್ಟಿಯ ಉದ್ದದ ಒಂದೂವರೆಯಷ್ಟು ದೂರವೆಂದು ಆಸ್ಟ್ರೇಲಿಯದವರು ಹೇಳುತ್ತಾರೆ. ರಾಟೆಯಿದ್ದಾಗ ಹಗ್ಗವು ಮಾಡುವ ಕೋನದ ಒಳಗೆ ಯಾರೂ ನಿಲ್ಲಕೂಡದೆಂಬುದರಲ್ಲಿ ಮಾತ್ರ ಎಲ್ಲರೂ ಒಮ್ಮತರು.

ಇತ್ಯರ್ಥವಾಗದೆ ಉಳಿದವು

ನೂಲಿನ ಹಗ್ಗವು ಎಷ್ಟು ವರ್ಷ ಬಾಳುತ್ತದೆ, ಬಿಸಿಲಿನಿಂದಲೂ ಮಣ್ಣಿನ ಕಣಗಳಿಂದಲೂ ಒಳಗೇ ಸವೆದುದನ್ನು ಹೊರಗಿನಿಂದ ಗುರುತಿಸುವುದು ಹೇಗೆಂಬುದಕ್ಕೆ ಬಳಕೆದಾರನ ಕೈಗೆ ನಿಲುಕುವ ನಂಬಿಕೆಯ ಪರೀಕ್ಷೆಯು ಇನ್ನೂ ದೊರೆತಿಲ್ಲ. ವಾಹನದ ಮೇಲಿನ ಎಳೆಯುವ ಕೊಂಡಿಯು ಎಷ್ಟು ಭಾರಕ್ಕೆ ಯೋಗ್ಯವೆಂದು ಘೋಷಿಸಲು ತಯಾರಕರೆಲ್ಲರೂ ಒಪ್ಪಿದ ಮಾನಕವೂ ಇಲ್ಲ. ಹಡಗಿನಲ್ಲಿ ಲಾರಿಯಲ್ಲಿ ಸಾಗಿಸುವಾಗ ಬಿಗಿಯಲೆಂದು ಕೊಟ್ಟ ತೆಳುವಾದ ಕಿವಿಗಳನ್ನೇ ಎಳೆಯುವ ಕೊಂಡಿಗಳೆಂದು ಭ್ರಮಿಸುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಹೊದಿಕೆಯ ಪ್ರಯೋಜನವು ಎಷ್ಟೆಂಬುದು, ಹಗ್ಗದ ಜಾತಿಜಾತಿಗೂ ಬೇರೆಯಾಗಿರುವುದರಿಂದ, ಇನ್ನೂ ವಾದದಲ್ಲಿಯೇ ಇದೆ.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ತೊಡಕೂ ಸೇರಿದೆ. ವಾಹನದ ಮುಂದೆ ಬಿಗಿಯುವ ಬುಲ್ ಬಾರ್‌ಗಳು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣಕ್ಕೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆಯಿತು. ತಯಾರಕನು ನಿರ್ದೇಶಿಸಿದ ರೂಪಕ್ಕೆ ಭಿನ್ನವಾಗಿ ವಾಹನವನ್ನು ಬದಲಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿತು. ಪಾದಚಾರಿಗಳ ರಕ್ಷಣೆಯ ದೃಷ್ಟಿಯಿಂದ ಈ ನಿಲುವು ನ್ಯಾಯವಾದುದೇ. ಆದರೆ ವಿಂಚನ್ನು ಹೊರುವ ಉಕ್ಕಿನ ಬಂಪರಿಗೂ ಅಲಂಕಾರದ ಬುಲ್ ಬಾರಿಗೂ ನಡುವಿನ ಭೇದವನ್ನು ಯಾವ ಅಧಿಕಾರಿಯು ಹೇಗೆ ನಿರ್ಣಯಿಸಬೇಕೆಂಬುದು ಸ್ಪಷ್ಟವಾಗದಿರುವುದರಿಂದ, ತಪಾಸಣೆಯ ಭಯಕ್ಕೆ ಬಿಚ್ಚಿಡಲೂ ಬಿಗಿಯಲೂ ಸುಲಭವಾದ ದುರ್ಬಲ ಜೋಡಣೆಗಳತ್ತ ಜನರು ತಿರುಗುವ ಸಂಭವವಿದೆ.

ಎಲ್ಲಕ್ಕಿಂತ ದೊಡ್ಡ ಕೊರತೆಯು ದಾಖಲೆಯದು. ಬಂದರಿನಲ್ಲಿ ಹಗ್ಗ ಹರಿದರೆ ತನಿಖೆಯಾಗಿ ವರದಿಯು ಪ್ರಕಟವಾಗುತ್ತದೆ, ಮಿಲ್ಫರ್ಡ್ ಹೇವನ್ನಿನ ಪಾಠವು ನಮಗೆ ತಿಳಿದುದು ಆ ವರದಿಯಿಂದಲೇ. ತೋಟದ ದಾರಿಯಲ್ಲಿ ಹರಿದರೆ ಅದು ಸಂಜೆಯ ಮಾತಾಗಿ, ಮರುವರ್ಷಕ್ಕೆ ಕಥೆಯಾಗಿ ಹೋಗುತ್ತದೆ. ಜೀಪಿನ ಸಂಘಗಳವರೂ, ತೋಟದ ಮಾಲೀಕರೂ, ಬಾಡಿಗೆ ಜೀಪಿನ ಚಾಲಕರೂ ತಮ್ಮೆದುರಿಗೆ ಹಗ್ಗವೋ ಕೊಂಡಿಯೋ ಮುರಿದಾಗ ಸ್ಥಳ, ದಿನಾಂಕ, ಹಗ್ಗದ ಜಾತಿ ಮತ್ತು ವಯಸ್ಸು, ವಾಹನದ ತೂಕ, ಮುರಿದ ಭಾಗ ಇಷ್ಟನ್ನು ಬರೆದಿಟ್ಟು, ಮುರಿದ ತುಂಡಿನ ಚಿತ್ರದೊಡನೆ ಒಬ್ಬರಿಗೊಬ್ಬರು ತಿಳಿಸಬೇಕೆಂದು ನನ್ನ ವಿನಂತಿ.